ಮಾವನ ವೆಬ್ಲಿ ಕೋವಿಯ ಮೇಲೆ ಗಂಡಭೇರುಂಡ: ಕಂಪನಿಯದೋ, ಆಮೇಲೆ ಕೆತ್ತಿಸಿದ್ದೋ?

ಪ್ರಶ್ನೆ ಕೇಳಿದವರು: ಮಳವಳ್ಳಿ ಅಳಿಯ

ಎಲ್ಲರಿಗೂ ನಮಸ್ಕಾರ. ಹಳೇ ಕೋವಿಗಳ ಬಗ್ಗೆ ಗೊತ್ತಿರುವವರು ಸ್ವಲ್ಪ ದಾರಿ ತೋರಿಸಿ.

ನನ್ನ ಸೋದರಮಾವನ ಹತ್ತಿರ ಒಂದು 12 ಬೋರ್ ಜೋಡಿ ನಳಿಗೆ ಕೋವಿ ಇತ್ತು. ಮಳವಳ್ಳಿ ಪಕ್ಕದ ಹಳ್ಳಿ, ಸುತ್ತ ಕಬ್ಬು, ರಾತ್ರಿಯೆಲ್ಲ ಹಂದಿ ಕಾಟ. ಕೋವಿ ನಮ್ಮ ತಾತನ ಕಾಲದ್ದು. ಮಾವನಿಗೆ ಮಕ್ಕಳಿಲ್ಲ. ಅವರು ಹೋದಮೇಲೆ ಅತ್ತೆ "ನೀನೇ ನಿನ್ನ ಹೆಸರಿಗೆ ಮಾಡ್ಕೊಳಪ್ಪ" ಎಂದು ಬರೆದುಕೊಟ್ಟರು. ಮಂಡ್ಯ ಡಿಸಿ ಆಫೀಸಿನಲ್ಲಿ ಅರ್ಜಿ ಹಾಕಿದ್ದೇನೆ. ಲೈಸೆನ್ಸ್ ಬರುವ ತನಕ ಕೋವಿ ಮೈಸೂರಿನ ಒಂದು ಗನ್ ಅಂಗಡಿಯಲ್ಲಿ ಡೆಪಾಸಿಟ್ ಇದೆ. ಹೋಗಿ ನೋಡಬಹುದು, ತರುವ ಹಾಗಿಲ್ಲ.

ಅಲ್ಲಿಗೆ ಬರುವ ಒಬ್ಬರು ಅದನ್ನು ನೋಡಿದ್ದಾರೆ. ಹಳೇ ಕೋವಿ ಕೂಡಿಡುವ ಹುಚ್ಚಿನವರು, ಲೈಸೆನ್ಸ್ ಇರುವವರು. "ಇದು ಅರಮನೆ ಕೋವಿ, ಬೇರೆಯವರು ಕೊಡುವುದರ ಎರಡರಷ್ಟು ಕೊಡ್ತೀನಿ" ಅಂತಿದ್ದಾರೆ. ಆದರೆ ಒಂದು ಷರತ್ತು. "ಮಹಾರಾಜರು ನಮ್ಮ ತಾತನಿಗೆ ಕೊಟ್ಟದ್ದು" ಎಂದು ನಾನು ಒಂದು ಕಾಗದ ಬರೆದು ಸಹಿ ಮಾಡಿಕೊಡಬೇಕಂತೆ. ಅಜ್ಜಿ ಬದುಕಿದ್ದಾಗ ಹೇಳುತ್ತಿದ್ದದ್ದೇ ಬೇರೆ. ಬೆಲ್ಲಕ್ಕೆ ಒಳ್ಳೆ ರೇಟು ಬಂದ ವರ್ಷ ತಾತ ಬೆಂಗಳೂರಿಗೆ ಹೋಗಿ ತಂದರು ಅಂತ. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನಂತೂ "ಗುರುತೆಲ್ಲ ಆಮೇಲೆ ಹೊಡೆಸಿದ್ದು ಸಾರ್, ಕೋವಿನೇ ಡೂಪ್ಲಿಕೇಟ್" ಅಂದುಬಿಟ್ಟ.

ನಾನು ಕಂಡದ್ದು ಇಷ್ಟು:

ಎರಡು ನಳಿಗೆಯ ನಡುವಿನ ಪಟ್ಟಿಯ ಮೇಲೆ ಇಂಗ್ಲಿಷಿನಲ್ಲಿ "ವೆಬ್ಲಿ ಅಂಡ್ ಸ್ಕಾಟ್ ಲಿಮಿಟೆಡ್". ನಳಿಗೆ ಬಿಚ್ಚಿದರೆ ಕೆಳಗಿನ ಚಪ್ಪಟೆ ಜಾಗದಲ್ಲಿ ಸಣ್ಣ ಸಣ್ಣ ಕಿರೀಟಗಳು. ಅವುಗಳ ಕೆಳಗೆ ಬಿಪಿ, ಬಿವಿ, ಎನ್‌ಪಿ. ಒಂದು ವಜ್ರದಾಕಾರದೊಳಗೆ 12 ಮತ್ತು ಸಿ. ಪಕ್ಕದಲ್ಲಿ 2½. 1⅛ ಔನ್ಸ್ ಅಂತಲೂ ಇದೆ. ಒಂದು ಪುಟ್ಟ ವೃತ್ತದೊಳಗೆ ಎಫ್ ಅಕ್ಷರ ಮತ್ತು ಒಂದು ಅಂಕಿ. ನಳಿಗೆಯ ಹಿಂದೆ ಟ್ರಿಗರ್ ಇರುವ ಲೋಹದ ಭಾಗ ಇದೆಯಲ್ಲ, ಬಾಡಿ, ಅದರ ಎಡಪಕ್ಕದಲ್ಲಿ ಚಿನ್ನದಲ್ಲಿ ಗಂಡಭೇರುಂಡ, ಕೆಳಗೆ 1911. ನಳಿಗೆ ಮತ್ತು ಬಾಡಿಯ ನಂಬರ್ ಒಂದೇ, ಕೊನೆಯ ಅಂಕಿ 4. ಎಡಗೈಯಲ್ಲಿ ಹಿಡಿಯುವ ಮರದ ತುಂಡು ಇದೆಯಲ್ಲ, ಫೋರೆಂಡ್, ಅದರ ಕಬ್ಬಿಣದ ಮೇಲೆ ಮಾತ್ರ ಕೊನೆಗೆ 5. ಉಳಿದ ಅಂಕಿಗಳು ಅವೇ. ಅದು ಕೂರಬೇಕಾದರೆ ಅಂಗೈಯಲ್ಲಿ ಒಂದು ಏಟು ಕೊಡಬೇಕು.

ಯಾವುದನ್ನು ನಂಬುವುದು?

ಉತ್ತರ: ಕುಶಾಲನಗರ ತೋಟದವ

ಗಂಡಭೇರುಂಡ ಇದ್ದದ್ದೆಲ್ಲ ಅರಮನೆಯದು ಅನ್ನುವುದಾದರೆ ಕೆಎಸ್‌ಆರ್‌ಟಿಸಿ ಬಸ್ಸೂ ಅರಮನೆಯದೇ ಬಿಡಿ.

ನಮ್ಮ ಕೊಡಗಿನಲ್ಲಿ ಮನೆಮನೆಗೂ ಕೋವಿ. ಕೊಡವರಿಗೆ, ಜಮ್ಮಾ ಹಿಡುವಳಿಯವರಿಗೆ (ವಂಶಪಾರಂಪರ್ಯವಾಗಿ ಬಂದ ಜಮೀನಿನವರಿಗೆ) ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ, 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿದರು. ಹಾಗಾಗಿ ಹಳೇ ಕೋವಿ ಜಾಸ್ತಿ ನೋಡಲು ಸಿಗುತ್ತವೆ. ಹೆಸರು ನೋಡಿ ಮೋಸ ಹೋಗುವವರೇ ಹೆಚ್ಚು. ಬೆಲ್ಜಿಯಂನಲ್ಲಿ ಅಗ್ಗದ ಕೋವಿ ಮಾಡಿ ಅದರ ಮೇಲೆ "ಡಬ್ಲ್ಯೂ. ರಿಚರ್ಡ್ಸ್" ಎಂದು ಹೊಡೆದು ಮಾರುತ್ತಿದ್ದರು. ಓದಿದವರು ಇಂಗ್ಲೆಂಡಿನ ಹೆಸರಾಂತ ಕಂಪನಿ ವೆಸ್ಟ್ಲಿ ರಿಚರ್ಡ್ಸ್ ಅಂದುಕೊಳ್ಳಲಿ ಅಂತ. ಅಂಥದ್ದನ್ನು ತಿರುಗಿಸಿ ನೋಡಿದರೆ ಕೆಳಗೆ ಮೊಟ್ಟೆಯಾಕಾರದೊಳಗೆ ಇಎಲ್‌ಜಿ ಅಂತ ಇರುತ್ತದೆ. ಅದು ಬೆಲ್ಜಿಯಂನ ಲೀಜ್ ಊರಿನ ಗುರುತು. ಮೇಲೆ ಇಂಗ್ಲೆಂಡು, ಕೆಳಗೆ ಬೆಲ್ಜಿಯಂ!

ನಿಮ್ಮದರಲ್ಲಿ ಕಿರೀಟ, ಬಿಪಿ ಇದೆ ಅಂತೀರ. ಒಳ್ಳೆ ಲಕ್ಷಣವೇ. ಫೋಟೋ ಇದ್ದರೆ ಹಾಕಿ.

ಉತ್ತರ: ಅಶೋಕ ರಸ್ತೆ ಹಳಬ

ನಮ್ಮ ತಂದೆ ಕೋವಿ ರಿಪೇರಿ ಮಾಡುತ್ತಿದ್ದರು. ಮೈಸೂರಿನಲ್ಲಿ ಆಗ ಈ ಕೆಲಸಕ್ಕೆ ಬರವಿರಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬರುವ ತನಕ ಶಿಕಾರಿಯವರು ಓಡಾಡುತ್ತಿದ್ದ ಊರಿದು. ಹುಲಿ ಚರ್ಮಕ್ಕೆ ಜೀವಂತ ಹುಲಿಯ ರೂಪ ಕೊಡುವ ವ್ಯಾನ್ ಇಂಗೆನ್ ಕಾರ್ಖಾನೆ ಇಲ್ಲೇ ಇತ್ತು. ನಾನು ಸ್ಕೂಲು ಬಿಟ್ಟ ಮೇಲೆ ಬಂದು ನಳಿಗೆ ಉಜ್ಜುತ್ತಾ ಕೂರುತ್ತಿದ್ದೆ. ಈಗ ಕಸುಬು ಬಿಟ್ಟಿದ್ದೇನೆ, ಕಣ್ಣು ಬಿಟ್ಟಿಲ್ಲ.

ಅಳಿಯಂದಿರೇ, ಮೊದಲು ಆ ಹುಡುಗನ ಮಾತು ಪಕ್ಕಕ್ಕಿಡಿ. ನೀವು ಬರೆದಿರುವ ಸಣ್ಣ ಗುರುತುಗಳನ್ನು ಓದಿದರೆ ಕೋವಿ ಅಪ್ಪಟ ಬರ್ಮಿಂಗ್‌ಹ್ಯಾಂ ಮಾಲು. ಆ ಚಿನ್ನದ ಹಕ್ಕಿ ಮಾತ್ರ ನನಗೆ ಅನುಮಾನ. ಯಾಕೆ ಅಂತ ಹೇಳುತ್ತೇನೆ.

ಬ್ರಿಟನ್ನಿನಲ್ಲಿ ಕೋವಿ ಮಾರುವ ಮೊದಲು ಪ್ರೂಫ್ ಆಗಲೇಬೇಕು. ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಸಿಡಿಸುತ್ತಾರೆ. ನಳಿಗೆ ತಡೆದುಕೊಂಡರೆ ಗುರುತು ಒತ್ತುತ್ತಾರೆ. ಇದನ್ನು ಮಾಡುವುದು ಕಂಪನಿಯವರಲ್ಲ, ಪ್ರೂಫ್ ಹೌಸಿನವರು. ಲಂಡನ್ನಿನವರಿಗೆ 1637ರ ಸನದು, ಬರ್ಮಿಂಗ್‌ಹ್ಯಾಂನವರಿಗೆ 1813ರ ಕಾಯ್ದೆ. ಕಂಪನಿ ತನ್ನ ಹೆಸರನ್ನು ಹೇಗೆ ಬೇಕಾದರೂ ಬರೆದುಕೊಳ್ಳಬಹುದು. ಪ್ರೂಫ್ ಗುರುತು ಹಾಗಲ್ಲ. ಅದನ್ನು ಯಾವ ಕಾಲಕ್ಕೆ ಹೇಗೆ ಹೊಡೆಯಬೇಕು ಅಂತ ನಿಯಮವೇ ಇತ್ತು. ನಿಯಮ ಬದಲಾದಾಗೆಲ್ಲ ಗುರುತೂ ಬದಲಾಯಿತು. ಆದ್ದರಿಂದಲೇ ಕೋವಿಯ ವಯಸ್ಸು ಮೇಲೆ ಇರುವ ಅಂದದ ಅಕ್ಷರದಲ್ಲಲ್ಲ, ಯಾರೂ ನೋಡದ ಅಡಿಯಲ್ಲಿ ಸಿಗುತ್ತದೆ.

ನಿಮ್ಮದನ್ನೇ ತೆಗೆದುಕೊಳ್ಳಿ. ಕಿರೀಟದ ಕೆಳಗೆ ಬಿಪಿ, ಬಿವಿ, ಎನ್‌ಪಿ ಇದ್ದರೆ 1904ರ ಈಚಿನದು. ಅದಕ್ಕೂ ಹಿಂದೆ ಬರ್ಮಿಂಗ್‌ಹ್ಯಾಂನವರು ಕಿರೀಟದ ಕೆಳಗೆ ಎರಡು ರಾಜದಂಡ ಅಡ್ಡಡ್ಡ ಇಟ್ಟು ಹೊಡೆಯುತ್ತಿದ್ದರು. ಎನ್‌ಪಿ ಅಂದರೆ ಹೊಗೆಯಿಲ್ಲದ ಮದ್ದಿಗೂ ಪರೀಕ್ಷೆ ಆಗಿದೆ ಅಂತ. 2½ ಅಂದರೆ ತೋಟಾ (ಕಾರ್ಟ್ರಿಜ್) ಕೂರುವ ಜಾಗದ ಉದ್ದ, ಇಂಚಿನಲ್ಲಿ. ಅದನ್ನು ಹೊಡೆಯಲು ಶುರು ಮಾಡಿದ್ದು 1925ರ ನಿಯಮದಿಂದ. ಇನ್ನು 1⅛ ಔನ್ಸ್. 1954ರ ನಿಯಮ ಬಂದಮೇಲೆ ಔನ್ಸ್ ಹೋಗಿ ಚದರ ಇಂಚಿಗೆ ಇಷ್ಟು ಟನ್ ಅಂತ ಬಂತು. ಅಲ್ಲಿಗೆ ನಿಮ್ಮ ಕೋವಿ 1925ಕ್ಕೂ 1954ಕ್ಕೂ ನಡುವಿನದು. ವೃತ್ತದೊಳಗಿನ ಅಕ್ಷರ ಇದೆಯಲ್ಲ, ಅದು ಬರ್ಮಿಂಗ್‌ಹ್ಯಾಂನವರ ವರ್ಷದ ಗುರುತು. 1921ರಲ್ಲಿ ಎ ಇಂದ ಶುರು. ಎಣಿಸಿಕೊಂಡು ಬನ್ನಿ. ಎಫ್ ಅಂದರೆ 1926. ಪಕ್ಕದ ಅಂಕಿ ನೋಡಿದ ಇನ್‌ಸ್ಪೆಕ್ಟರದು.

1926ರಲ್ಲಿ ಪ್ರೂಫ್ ಆದ ಕೋವಿಯನ್ನು 1911ರಲ್ಲಿ ಯಾರು ಯಾರಿಗೆ ಕೊಟ್ಟರು ಸ್ವಾಮಿ? 1911 ಅಂದರೆ ದಿಲ್ಲಿ ದರ್ಬಾರಿನ ವರ್ಷ. ಕೇಳುವವರಿಗೆ ಭಾರಿ ಅನ್ನಿಸಲಿ ಅಂತ ಯಾರೋ ಆರಿಸಿಕೊಂಡಿದ್ದಾರೆ.

ಒಂದು ತಕರಾರು ಬರಬಹುದು. ಹಳೇ ಕೋವಿಯನ್ನು ಮತ್ತೆ ಪ್ರೂಫಿಗೆ ಕಳಿಸಿದ್ದರೆ? ಹಾಗೆ ಕಳಿಸಿದ್ದರೆ ಕಿರೀಟದ ಕೆಳಗೆ ಆರ್ ಅಂತ ಇನ್ನೊಂದು ಗುರುತು ಬೀಳುತ್ತದೆ. ಹಳೆಯ ಗುರುತುಗಳೂ ಅಲ್ಲೇ ಉಳಿದಿರುತ್ತವೆ. ಬರೀ ನಳಿಗೆ ಬದಲಾಗಿದ್ದರೆ ಬಾಡಿಯ ಚಪ್ಪಟೆ ಜಾಗದ ಗುರುತು ನಳಿಗೆಯದಕ್ಕೆ ತಾಳೆಯಾಗುವುದಿಲ್ಲ. ಅದನ್ನೂ ನೋಡಿಬನ್ನಿ. ನೀವು ಬರೆದಿರುವುದರಲ್ಲಿ ಆರ್ ಕಾಣಲಿಲ್ಲ.

ಈಗ ಹಕ್ಕಿಯ ವಿಚಾರ. ಇದು ನನಗೆ ಇಷ್ಟದ ಭಾಗ, ಸ್ವಲ್ಪ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಬಾಡಿಯ ಉಕ್ಕನ್ನು ಮೊದಲು ಮೆತ್ತಗಿರುವಾಗಲೇ ಅರದಿಂದ ತಿದ್ದಿ, ಕೂರಿಸಿ, ಪ್ರೂಫಿಗೆ ಕಳಿಸಿ, ಬಳ್ಳಿ ಹೂವು ಎಲ್ಲ ಕೆತ್ತುತ್ತಾರೆ. ಆಮೇಲೆ ಮೂಳೆ ಮತ್ತು ಇದ್ದಿಲಿನ ಪುಡಿಯಲ್ಲಿ ಹುದುಗಿಸಿ ಕಾಯಿಸಿ ನೀರಿಗೆ ಬಿಡುತ್ತಾರೆ. ಮೇಲಿನ ತೆಳು ಪದರ ಗಾಜಿನಂತೆ ಗಡುಸಾಗುತ್ತದೆ, ನೀಲಿ ಕಂದು ಬಣ್ಣದ ಮೋಡ ಮೂಡುತ್ತದೆ. ಕಂಪನಿಯಲ್ಲೇ ಲಾಂಛನ ಕೆತ್ತಿದ್ದರೆ ಅದು ಈ ಕಾಯಿಸುವುದಕ್ಕಿಂತ ಮೊದಲು ಆಗಿರುತ್ತದೆ. ಕೆತ್ತುವವನು ಜಾಗ ಬಿಟ್ಟುಕೊಂಡು ಬಳ್ಳಿ ಎಳೆದಿರುತ್ತಾನೆ. ಬಳ್ಳಿ ಲಾಂಛನದ ಸುತ್ತ ಬಳಸಿ ಹೋಗುತ್ತದೆ.

ಆಮೇಲೆ ಊರಲ್ಲಿ ಕೆತ್ತಿಸಿದ್ದಾದರೆ? ಗಡುಸಾದ ಮೇಲ್ಮೈಗೆ ಉಳಿ ಹಿಡಿಯುವುದಿಲ್ಲ, ಜಾರುತ್ತದೆ. ಅದಕ್ಕೆ ಅಷ್ಟು ಜಾಗವನ್ನು ಮತ್ತೆ ಕಾಯಿಸಿ ಮೆತ್ತಗೆ ಮಾಡಬೇಕು, ಇಲ್ಲ ಸಾಣೆ ಹಿಡಿದು ಪದರ ತೆಗೆಯಬೇಕು. ಎರಡರಲ್ಲೂ ಬಣ್ಣ ಹೋಗಿ ಸುತ್ತ ಒಂದು ಬೂದು ಕಲೆ ಉಳಿಯುತ್ತದೆ. ಜಾಗ ಬಿಟ್ಟಿರದ ಕಾರಣ ಹಕ್ಕಿಯ ರೆಕ್ಕೆ ಹಳೇ ಬಳ್ಳಿಯ ಮೇಲೇ ಹತ್ತಿ ಕೂತಿರುತ್ತದೆ. ಬಳ್ಳಿಯ ಗೆರೆ ಅರ್ಧಕ್ಕೆ ನಿಂತು ಆಚೆ ಮತ್ತೆ ಶುರುವಾಗುತ್ತದೆ. ಇದನ್ನು ಯಾರೂ ಮುಚ್ಚಲಾಗುವುದಿಲ್ಲ.

ಮೈಸೂರಿನ ಅಕ್ಕಸಾಲಿಗಳ ಕೈ ಸಾಮಾನ್ಯದ್ದಲ್ಲ ಮತ್ತೆ. ನಮ್ಮ ತಂದೆಯ ಹತ್ತಿರ ಬಂದವರು "ಒಂದು ಗಂಡಭೇರುಂಡ ಹಾಕಿಸಿಕೊಡಿ" ಅಂತ ಕೇಳುತ್ತಿದ್ದರು. ಮೋಸಕ್ಕಲ್ಲ, ಅಂದಕ್ಕೆ, ಅಭಿಮಾನಕ್ಕೆ. ಕೆಲಸ ಚೆನ್ನಾಗಿಯೇ ಇರುತ್ತಿತ್ತು. ಅದನ್ನು ಅರಮನೆಯ ಕಾಣಿಕೆ ಅಂತ ಮಾರಹೊರಟಾಗಲೇ ತೊಂದರೆ.

ಮುಂದಿನ ಸಲ ಹೋದಾಗ ವಾಚ್ ರಿಪೇರಿಯವರ ಭೂತಗನ್ನಡಿ ಒಂದನ್ನು ಒಯ್ಯಿರಿ. ಮೊಬೈಲ್ ಟಾರ್ಚನ್ನು ನೇರ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ. ಅಚ್ಚು ಒತ್ತಿದ ಗುರುತಾದರೆ ಲೋಹ ಪಕ್ಕಕ್ಕೆ ಸರಿದಿರುತ್ತದೆ. ಕಾರ್ಖಾನೆಯಲ್ಲಿ ಆಮೇಲೆ ಪಾಲಿಷ್ ಆಗುವುದರಿಂದ ಅಂಚು ಸಮವಾಗಿರುತ್ತದೆ, ಗುಂಡಿಯ ತಳದವರೆಗೂ ಮೇಲ್ಮೈಯ ಬಣ್ಣವೇ ಇರುತ್ತದೆ. ಮೊನ್ನೆ ಮೊನ್ನೆ ಹೊಡೆದದ್ದಾದರೆ ಅಂಚು ಉಬ್ಬಿ ಬೆರಳಿಗೆ ತರಚುತ್ತದೆ, ತಳ ಹೊಳೆಯುತ್ತದೆ. ಎಡ ನಳಿಗೆಯ ಗುರುತನ್ನು ಬಲ ನಳಿಗೆಯದರ ಜೊತೆ ಹೋಲಿಸಿ. ಕಿರೀಟ ಮತ್ತು ಅಕ್ಷರ ಒಂದೇ ಅಚ್ಚಿನಲ್ಲಿರುತ್ತವೆ. ಒಂದರಲ್ಲಿ ಕಿರೀಟ ಸೊಟ್ಟ, ಇನ್ನೊಂದರಲ್ಲಿ ನೆಟ್ಟಗೆ ಇದ್ದರೆ ಬೇರೆ ಬೇರೆಯಾಗಿ ಹೊಡೆದಿದ್ದಾರೆ ಅಂತ ಅರ್ಥ.

ಪಟ್ಟಿಯ ಮೇಲಿನ ಹೆಸರೂ ತಾಳೆಯಾಗುತ್ತದೆ. ಈ ಕಂಪನಿ 1897ರಲ್ಲಿ ಹುಟ್ಟಿದಾಗ ಹೆಸರಿನಲ್ಲಿ "ರಿವಾಲ್ವರ್ ಅಂಡ್ ಆರ್ಮ್ಸ್" ಅಂತ ಬಾಲ ಇತ್ತು. ಬರೀ "ವೆಬ್ಲಿ ಅಂಡ್ ಸ್ಕಾಟ್ ಲಿಮಿಟೆಡ್" ಆದದ್ದು 1906ರಲ್ಲಿ. 1926ರ ಕೋವಿಗೆ ಅದೇ ಸರಿ.

ಫೋರೆಂಡಿನ ಬಗ್ಗೆ ಒಂದು ಪ್ರಶ್ನೆ. ನಿಮ್ಮ ತಾತನ ಮನೆಯಲ್ಲಿ ಇನ್ನೊಂದು ಕೋವಿ ಇತ್ತಾ?

ಉತ್ತರ: ಮಂಡ್ಯ ಲಾಯರ್ ಮಗ

ಹಳಬರು ಕೋವಿ ನೋಡಿಕೊಳ್ಳಲಿ, ನಾನು ಕಾಗದ ನೋಡುತ್ತೇನೆ.

ಆ ಪತ್ರಕ್ಕೆ ಸಹಿ ಹಾಕಬೇಡಿ ಬ್ರದರ್. ನಿಮಗೇ ಗೊತ್ತಿಲ್ಲದ ಸಂಗತಿಯನ್ನು ಗೊತ್ತು ಅಂತ ಬರೆದುಕೊಡುವುದು ಯಾಕೆ? ನಾಳೆ ಅವರು ಅದನ್ನು ತೋರಿಸಿ ಇನ್ನೊಬ್ಬರಿಗೆ ಮೂರರಷ್ಟಕ್ಕೆ ಮಾರುತ್ತಾರೆ. ಜಗಳ ಬಂದರೆ ಸಹಿ ನಿಮ್ಮದು.

ನಂಬರಿನ ವಿಷಯ ಇನ್ನೂ ಮುಖ್ಯ. 1959ರ ಆಯುಧ ಕಾಯ್ದೆಯ 8ನೇ ಸೆಕ್ಷನ್ ಓದಿ. ಕೋವಿಯ ಮೇಲಿನ ಹೆಸರು, ನಂಬರು, ಗುರುತು ಅಳಿಸುವುದು, ತೆಗೆಯುವುದು, ತಿದ್ದುವುದು, ಖೋಟಾ ಹೊಡೆಯುವುದು ಯಾವುದೂ ಕೂಡದು. ಯಾರಾದರೂ "ಫೋರೆಂಡಿನ 5 ಅನ್ನು 4 ಮಾಡಿಕೊಡ್ತೀನಿ, ಎಲ್ಲ ಮ್ಯಾಚ್ ಆಗುತ್ತೆ" ಅಂದರೆ ಅಲ್ಲಿಂದ ಎದ್ದು ಬನ್ನಿ. ಮಾವನ ಹಳೇ ಲೈಸೆನ್ಸ್ ಪುಸ್ತಕದಲ್ಲಿ ಯಾವ ನಂಬರ್ ಬರೆದಿದೆ ಅಂತಲೂ ನೋಡಿ. ಹಳೇ ಪುಸ್ತಕಗಳಲ್ಲಿ ಕೈಬರಹ. 1 ಯಾವುದು 7 ಯಾವುದು ಅಂತ ಗೊತ್ತಾಗುವುದಿಲ್ಲ. ತಪ್ಪಿದ್ದರೆ ವರ್ಗಾವಣೆ ಆಗುವ ಮೊದಲೇ ಅರ್ಜಿ ಕೊಟ್ಟು ಸರಿ ಮಾಡಿಸಿ.

ಕೊಳ್ಳುವವರ ಲೈಸೆನ್ಸಿನಲ್ಲಿ ಜಾಗ ಇದೆಯಾ ಅಂತ ಕೇಳಿದಿರಾ? 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಕೋವಿ. ಮೊದಲು ಮೂರಿತ್ತು. "ಕೂಡಿಡುವ ಹುಚ್ಚು" ಅಂದಿರಲ್ಲ, ಅದಕ್ಕೆ ಕೇಳಿದೆ.

ಮತ್ತೆ ಬರೆದವರು: ಮಳವಳ್ಳಿ ಅಳಿಯ

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಹೋಗಿ ಬಂದೆ. ದೇವರಾಜ ಮಾರ್ಕೆಟ್ ಹತ್ತಿರ ವಾಚ್ ರಿಪೇರಿ ಮಾಡುವ ಪರಿಚಯದವರಿಂದ ಭೂತಗನ್ನಡಿ ಇಸಿದುಕೊಂಡು ಹೋದೆ.

ಹಳಬರು ಹೇಳಿದಂತೆಯೇ ಇದೆ. ಬಾಡಿಯ ಮೇಲೂ ಕಿರೀಟ ಇದೆ. ನಳಿಗೆಯ ಕಿರೀಟಕ್ಕೂ ಅದಕ್ಕೂ ಒಂದೇ ಥರ ಸವಕಲು. ಆರ್ ಎಲ್ಲೂ ಇಲ್ಲ. ಎಡ ಬಲ ಎರಡೂ ಒಂದೇ ಅಚ್ಚು. ತಳದಲ್ಲಿ ಕಪ್ಪು ಬಣ್ಣವೇ ಇದೆ, ಹೊಳಪಿಲ್ಲ.

ಗಂಡಭೇರುಂಡದ ಎಡ ರೆಕ್ಕೆ ಮೂರು ಎಲೆಗಳ ಮೇಲೆ ಕೂತಿದೆ. ಎಲೆಯ ತೊಟ್ಟು ಈಚೆ, ತುದಿ ಆಚೆ. ಇಷ್ಟು ದಿನ ಇದು ಕಣ್ಣಿಗೇ ಬಿದ್ದಿರಲಿಲ್ಲ. ಬಲಪಕ್ಕದಲ್ಲಿ ಬಣ್ಣದ ಮೋಡ ಇನ್ನೂ ಅಲ್ಲಲ್ಲಿ ಇದೆ. ಎಡಪಕ್ಕ ಪೂರ್ತಿ ಬೂದು. 1911ರ ಅಂಕಿಗಳಲ್ಲಿ ಚಿನ್ನ ಇಲ್ಲ, ಸುಮ್ನೆ ಗೀರಿದ್ದಾರೆ. ಹಕ್ಕಿ ಕೆತ್ತಿದವರ ಕೈ ಮತ್ತು ಅಂಕಿ ಗೀರಿದವರ ಕೈ ಒಂದೇ ಅಲ್ಲ ಅಂತ ನನ್ನಂಥವನಿಗೂ ಕಾಣುತ್ತದೆ.

ಭುಜಕ್ಕೆ ಕೊಡುವ ಮರದ ಭಾಗ, ಬಟ್ಟು, ಅದರ ಕೆಳಗೆ ಒಂದು ಪುಟ್ಟ ಮೊಟ್ಟೆಯಾಕಾರದ ಲೋಹದ ಬಿಲ್ಲೆ ಇದೆ. ಅದರ ಮೇಲೆ ಏನೂ ಇಲ್ಲ, ಖಾಲಿ.

ಇನ್ನೊಂದು ಕೋವಿ ಇತ್ತಾ ಅಂತ ಕೇಳಿದಿರಿ. ಅತ್ತೆಯನ್ನು ಕೇಳಿದೆ. ಇತ್ತಂತೆ! ದೊಡ್ಡಮಾವನದು. ನೋಡಲು ಎರಡೂ ಒಂದೇ ಥರ. ಆಯುಧಪೂಜೆಗೆ ಎರಡನ್ನೂ ಬಿಚ್ಚಿ ಒರೆಸಿ ಒಟ್ಟಿಗೆ ಇಡುತ್ತಿದ್ದರಂತೆ. ಈಗ ಅದು ದೊಡ್ಡಮಾವನ ಮಗನ ಹೆಸರಿನಲ್ಲಿದೆ. ಭಾವ ನಾಗಮಂಗಲದಲ್ಲಿದ್ದಾರೆ.

ಉತ್ತರ: ಅಶೋಕ ರಸ್ತೆ ಹಳಬ

ಆ ಖಾಲಿ ಬಿಲ್ಲೆ ಕಂಪನಿಯವರದೇ. ಕೊಂಡವರು ತಮ್ಮ ಹೆಸರಿನ ಅಕ್ಷರವನ್ನೋ ಮನೆತನದ ಲಾಂಛನವನ್ನೋ ಕೆತ್ತಿಸಿಕೊಳ್ಳಲಿ ಅಂತ ಇಂಗ್ಲಿಷ್ ಕೋವಿಗಳಲ್ಲಿ ಆ ಜಾಗ ಬಿಟ್ಟಿರುತ್ತಾರೆ. ಲಾಂಛನಕ್ಕೆಂದೇ ಇರುವ ಜಾಗ ಖಾಲಿ, ಲಾಂಛನ ಮಾತ್ರ ಬಳ್ಳಿಯ ಮೇಲೆ. ಇನ್ನೇನು ಬೇಕು?

ನಿಮ್ಮ ಅಜ್ಜಿಯ ಬೆಲ್ಲದ ಕತೆಯೇ ನನಗೆ ಸರಿ ಅನ್ನಿಸುತ್ತದೆ. ಪಕ್ಕಪಕ್ಕದ ನಂಬರಿನ ಎರಡು ಕೋವಿ ಒಂದೇ ಮನೆಗೆ ಬಂದಿವೆ ಅಂದರೆ ಒಂದೇ ಅಂಗಡಿಯಲ್ಲಿ ಒಟ್ಟಿಗೆ ಕೊಂಡಿರಬೇಕು. ಯಾವುದೋ ಆಯುಧಪೂಜೆಯಲ್ಲಿ ಒರೆಸಿ ಜೋಡಿಸುವಾಗ ಫೋರೆಂಡ್ ಅದಲುಬದಲಾಗಿದೆ. ಈ ಕೋವಿಗಳನ್ನು ಒಂದೊಂದಾಗಿ ಕೈಯಲ್ಲಿ ಅರ ಹಾಕಿ ಕೂರಿಸುವುದರಿಂದ ಒಂದರದು ಇನ್ನೊಂದಕ್ಕೆ ಸಲೀಸಾಗಿ ಕೂರುವುದಿಲ್ಲ. ನೀವು ಏಟು ಕೊಡಬೇಕಾಗಿ ಬಂದದ್ದು ಅದಕ್ಕೇ. ಇನ್ನು ಮೇಲೆ ಹೊಡೆಯಬೇಡಿ. ಕೊಂಡಿ ಸವೆಯುತ್ತದೆ.

ಬೆಲೆಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಇದು ಒಳ್ಳೆಯ, ನಂಬಿಕಸ್ಥ ಕೋವಿ. 1980ರ ದಶಕದಲ್ಲಿ ಹೊರಗಿನ ಕೋವಿ ಬರುವುದು ನಿಂತಮೇಲೆ ಇಂಥವಕ್ಕೆ ಬೇಡಿಕೆ ಹೆಚ್ಚೇ ಇದೆ. ನಂಬರೆಲ್ಲ ಕೂಡಿದರೆ ಇನ್ನೂ ಒಳ್ಳೆಯದು. ಹಕ್ಕಿಗೆ ಮಾತ್ರ ಒಂದು ರೂಪಾಯಿಯೂ ಜಾಸ್ತಿ ಕೇಳಬೇಡಿ. ಹಾಗಂತ ಅದನ್ನು ಉಜ್ಜಿ ತೆಗೆಸಲೂ ಹೋಗಬೇಡಿ. ಹೊಸದಾಗಿ ಕಪ್ಪು ಹಾಕಿಸಬೇಡಿ. ಕಪ್ಪು ಹಾಕುವ ಮೊದಲು ಪಾಲಿಷ್ ಚಕ್ರಕ್ಕೆ ಹಿಡಿಯುತ್ತಾರೆ. ಆಗ ಅಕ್ಷರದ ಅಂಚು ಕರಗುತ್ತದೆ, ತಿರುಪಿನ ತೂತಿನ ಸುತ್ತ ತಗ್ಗು ಬೀಳುತ್ತದೆ. ಅಪ್ಪಟ ಗುರುತೂ ಆಮೇಲೆ ನಕಲಿಯಂತೆ ಕಾಣುತ್ತದೆ.

ಇನ್ನೊಂದು. ಅದು 2½ ಇಂಚಿನದು. ಅಂದರೆ 65 ಮಿಲಿಮೀಟರ್ ತೋಟಾ. ಲೈಸೆನ್ಸ್ ಬಂದಮೇಲೆ 70ರದ್ದು ತುಂಬಬೇಡಿ, ಹಿಡಿಸಿದರೂ ಬೇಡ. ಸಿಡಿದಾಗ ತೋಟಾದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಮೊದಲು ನಳಿಗೆಯ ದಪ್ಪ, ಕೀಲಿನ ಸಡಿಲ ಎಲ್ಲ ಒಬ್ಬರಿಗೆ ತೋರಿಸಿ.

ಉತ್ತರ: ಕುಶಾಲನಗರ ತೋಟದವ

ಕಲ್ಕತ್ತಾದ ರೋಡಾ, ಮ್ಯಾಂಟನ್ ಹೆಸರಿರುವ ಕೋವಿಗಳೂ ಹೀಗೇನಾ ಹಳಬರೇ? ನಮ್ಮ ಮನೆಯಲ್ಲಿ ಒಂದು ರೋಡಾ ಇದೆ.

ಉತ್ತರ: ಅಶೋಕ ರಸ್ತೆ ಹಳಬ

ರೋಡಾದವರು ಮಾರುವವರು. 1914ರಲ್ಲಿ ಕ್ರಾಂತಿಕಾರಿಗಳು ಮೌಸರ್ ಪಿಸ್ತೂಲು ಹೊಡೆದುಕೊಂಡು ಹೋದದ್ದು ಇದೇ ಕಂಪನಿಯ ಮಾಲು. ಇಂಗ್ಲೆಂಡಿನಲ್ಲಿ ಮಾಡಿಸಿ ತಮ್ಮ ಹೆಸರು ಹಾಕಿಸಿ ತರಿಸುತ್ತಿದ್ದರು. ಹಾಗಾಗಿ ಮೇಲೆ ಕಲ್ಕತ್ತಾ, ಕೆಳಗೆ ಬರ್ಮಿಂಗ್‌ಹ್ಯಾಂ ಇದ್ದರೆ ನಕಲಿ ಅಂತ ಅಂದುಕೊಳ್ಳಬೇಡಿ. ನಿಮ್ಮದರ ಅಡಿ ತೋರಿಸಿ, ಬೇರೆ ಪ್ರಶ್ನೆಯಾಗಿ ಹಾಕಿ.

ಮತ್ತೆ ಬರೆದವರು: ಮಳವಳ್ಳಿ ಅಳಿಯ

ನಾಗಮಂಗಲಕ್ಕೆ ಫೋನ್ ಮಾಡಿದೆ. ಭಾವ ಲೈಸೆನ್ಸ್ ಪುಸ್ತಕ ತೆಗೆದು ನಂಬರ್ ಓದಿದರು. ನಮ್ಮದರ ಮುಂದಿನದೇ, ಕೊನೆಗೆ 5! ಅವರದರಲ್ಲಿ ಗಂಡಭೇರುಂಡ ಇಲ್ಲವಂತೆ. "ನಿಮ್ಮ ಚಿಕ್ಕಮಾವ ಹಾಕಿಸಿದ್ದು ಕಣೋ, ನನ್ನ ಮದುವೆ ವರ್ಷ" ಅಂದರು. ಅಂಕಿ ಯಾರು ಗೀರಿದರೋ ಅವರಿಗೂ ಗೊತ್ತಿಲ್ಲ.

ಕೂಡಿಡುವವರಿಗೆ ಕಾಗದ ಬರೆದುಕೊಡುವುದಿಲ್ಲ ಅಂತ ಹೇಳಿದೆ. ಅವರು ಎರಡರಷ್ಟರಿಂದ ಒಂದರಷ್ಟಕ್ಕೆ ಇಳಿದರು. ನಾನೂ ಮಾರುವುದಿಲ್ಲ ಅಂದೆ.

ಫೋರೆಂಡ್ ಬದಲಾಯಿಸಿಕೊಳ್ಳೋಣ ಭಾವ ಅಂದರೆ, "ಮೊದಲು ನಿನ್ನ ಲೈಸೆನ್ಸ್ ಬರಲಿ, ಆಮೇಲೆ ನೀನೇ ಇಲ್ಲಿಗೆ ತಗೊಂಡು ಬಾ, ನನ್ನದು ಸಲೀಸಾಗೇ ಕೂರುತ್ತೆ" ಅನ್ನುತ್ತಿದ್ದಾರೆ. ಲಾಯರ್ ಬ್ರದರ್, ಎರಡೂ ಕೋವಿಯನ್ನು ಆ ಅಂಗಡಿಗೇ ತಂದು ಅವರ ಎದುರೇ ಬದಲಾಯಿಸಿದರೆ ಕಾಗದದಲ್ಲಿ ಏನಾದರೂ ಬರೆಸಬೇಕಾ?

ಉತ್ತರ: ಮಂಡ್ಯ ಲಾಯರ್ ಮಗ

ಲೈಸೆನ್ಸಿನಲ್ಲಿ ಬರೆದಿರುವುದು ಕೋವಿಯ ನಂಬರು. ಅದು ನಳಿಗೆ, ಬಾಡಿಯ ಮೇಲೆ ಇದ್ದ ಹಾಗೇ ಇರುತ್ತದೆ. ಆದರೂ ಅಂಗಡಿಯವರಿಂದಲೇ ಬದಲಾಯಿಸಿ, ಒಂದು ಬಿಲ್ ಮಾಡಿಸಿ ಅದರಲ್ಲಿ ಎರಡೂ ನಂಬರ್ ಬರೆಸಿಕೊಳ್ಳಿ. ಭಾವ ಬರುವಾಗ ಲೈಸೆನ್ಸ್ ಪುಸ್ತಕ ಮರೆಯದೆ ಜೊತೆಗೆ ತರಲಿ. ದಾರಿಯಲ್ಲಿ ಕೇಳಿದರೆ ತೋರಿಸಬೇಕು.